ಗ್ಯಾಬಾಪೆಂಟಿನ್ ಡೋಸ್ ಏರಿಸಿದರೂ ನರದ ಉರಿ ಏಕೆ ಇಳಿಯುವುದಿಲ್ಲ?

ನರದ ನೋವಿಗೆ ಕೊಡುವ ಗ್ಯಾಬಾಪೆಂಟಿನ್‌ನ 300 ಮಿ.ಗ್ರಾಂ. ಕ್ಯಾಪ್ಸೂಲನ್ನು ದಿನಕ್ಕೆ ಮೂರು ಹೊತ್ತು ನುಂಗುವವರ ಹೊಟ್ಟೆ ಸೇರುವುದು 900 ಮಿ.ಗ್ರಾಂ. ಅದರಲ್ಲಿ ರಕ್ತಕ್ಕೆ ದಾಟುವುದು ಸರಾಸರಿ ಶೇ 60, ಅಂದರೆ 540 ಮಿ.ಗ್ರಾಂ. ಪಾದದ ಉರಿ ಇಳಿದಿಲ್ಲವೆಂದು ಡೋಸನ್ನು 1,200ಕ್ಕೆ ಏರಿಸಿದರೆ ದಾಟುವ ಪಾಲು ಶೇ 47ಕ್ಕೆ ಕುಸಿಯುತ್ತದೆ. ಲೆಕ್ಕ ಹಾಕಿದರೆ 564 ಮಿ.ಗ್ರಾಂ. ಮುನ್ನೂರು ಹೆಚ್ಚಿಗೆ ನುಂಗಿದ್ದಕ್ಕೆ ಮೈಗೆ ಸೇರಿದ್ದು ಬರೀ 24. ಮುಂದೆ 2,400ರಲ್ಲಿ ಶೇ 34, 3,600ರಲ್ಲಿ ಶೇ 33, 4,800ರಲ್ಲಿ ಶೇ 27. ಇವು ಔಷಧದ ಅಧಿಕೃತ ಮಾಹಿತಿಪತ್ರದಲ್ಲೇ ಅಚ್ಚಾಗಿರುವ ಅಂಕಿಗಳು. ಒಬ್ಬರಿಂದೊಬ್ಬರಿಗೆ ಏರುಪೇರು ಇದ್ದೇ ಇರುತ್ತದೆ, ಆದರೆ ಇಳಿಜಾರಿನ ದಿಕ್ಕು ಎಲ್ಲರಿಗೂ ಒಂದೇ.

ನರದ ನೋವಿನ ಸಂಶೋಧನೆಯ ಸುದ್ದಿ ಬಂದಾಗಲೆಲ್ಲ ಮಾತು ‘ಯಾವ ಚಾನೆಲ್ ಮುಚ್ಚಬೇಕು, ಯಾವ ರಿಸೆಪ್ಟರ್ ತಡೆಯಬೇಕು’ ಎಂಬುದರ ಸುತ್ತಲೇ ಸುತ್ತುತ್ತದೆ. (ಚಾನೆಲ್ ಎಂದರೆ ಕೋಶದ ಪೊರೆಯಲ್ಲಿ ಸೋಡಿಯಂ, ಕ್ಯಾಲ್ಸಿಯಂ ದಾಟುವ ಕಿಂಡಿ, ರಿಸೆಪ್ಟರ್ ಎಂದರೆ ರಾಸಾಯನಿಕ ಸಂಕೇತ ಹಿಡಿಯುವ ಪ್ರೋಟೀನು.) ಔಷಧ ಅಲ್ಲಿಯವರೆಗೆ ಹೋಗುವುದು ಹೇಗೆ ಎಂಬುದನ್ನು ಕೇಳುವವರು ಕಡಿಮೆ. ಈ ಕ್ಷೇತ್ರ ಕಳೆದ ಎರಡು ದಶಕಗಳಲ್ಲಿ ಕಂಡ ನಿರಾಸೆಗಳಲ್ಲಿ ಗಣನೀಯ ಪಾಲು ಈ ಎರಡನೆಯ ಪ್ರಶ್ನೆಗೆ ಸೇರಿದ್ದು ಎಂಬುದು ಈ ಲೇಖನದ ವಾದ. ಕರುಳಿನ ಗೋಡೆ, ಮಿದುಳಿನ ರಕ್ತನಾಳದ ಗೋಡೆ, ನರದ ಹೊದಿಕೆ, ನರಕೋಶದ ಒಳಗಿನ ಉದ್ದದ ದಾರಿ, ಕೊನೆಗೆ ಮೂತ್ರಪಿಂಡ, ಇಷ್ಟೂ ಕಡೆ ಔಷಧದ ಹಣೆಬರಹ ಬದಲಾಗುತ್ತದೆ.

ನರದ ನೋವು ಬೇರೆ ಜಾತಿ

ಕೈ ಸುಟ್ಟಾಗ, ಮಂಡಿ ಊದಿದಾಗ ಆಗುವ ನೋವಿನಲ್ಲಿ ನರ ಸುದ್ದಿ ಒಯ್ಯುತ್ತದೆ ಅಷ್ಟೆ. ನ್ಯೂರೋಪಥಿಕ್ ನೋವಿನಲ್ಲಿ ಸ್ಪರ್ಶ-ನೋವಿನ ಸುದ್ದಿ ಒಯ್ಯುವ ವ್ಯವಸ್ಥೆಗೇ ಪೆಟ್ಟು ಬಿದ್ದಿರುತ್ತದೆ ಅಥವಾ ಕಾಯಿಲೆ ತಗುಲಿರುತ್ತದೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘದ ವ್ಯಾಖ್ಯೆಯೂ ಇದೇ. ಜನಸಂಖ್ಯೆಯ ಶೇ 7ರಿಂದ 10ರಷ್ಟು ಮಂದಿಗೆ ಇಂಥ ನೋವಿದೆ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಸಕ್ಕರೆ ಕಾಯಿಲೆಯವರ ಪಾದದುರಿ, ಸರ್ಪಸುತ್ತು ವಾಸಿಯಾದ ಮೇಲೂ ಬಿಡದ ನೋವು, ಕ್ಯಾನ್ಸರ್ ಕೀಮೋ ನಂತರದ ಬೆರಳ ತುದಿಯ ಜೋಮು, ಕುಷ್ಠದಲ್ಲಿ ಉಬ್ಬಿದ ನರ, ಬೈಕಿನಿಂದ ಬಿದ್ದಾಗ ಭುಜದ ನರಜಾಲ ಬೇರುಸಹಿತ ಕಿತ್ತುಬಂದು ಉಳಿಯುವ ಯಾತನೆ, ಎಲ್ಲವೂ ಇದರ ಬಗೆಗಳೇ.

ರೋಗಿಗಳು ಹೇಳುವ ಮಾತಿನಲ್ಲೇ ಗುರುತು ಸಿಗುತ್ತದೆ: ಉರಿ, ಕರೆಂಟ್ ಹೊಡೆದ ಹಾಗೆ, ಸೂಜಿ ಚುಚ್ಚಿದ ಹಾಗೆ, ಇರುವೆ ಹರಿದ ಹಾಗೆ, ಮರಗಟ್ಟಿದ ಜಾಗದಲ್ಲೇ ನೋವು, ಹೊದಿಕೆ ತಾಗಿದರೂ ತಡೆಯಲಾಗದಷ್ಟು. ಹತ್ತು ಅಂಶಗಳ ‘ಡಿಎನ್-4’ ಪ್ರಶ್ನಾವಳಿ ಇವನ್ನೇ ಕೇಳುತ್ತದೆ. ಜೊತೆಗೆ ಆ ಜಾಗದಲ್ಲಿ ಸ್ಪರ್ಶ ಕುಗ್ಗಿದೆಯೇ, ಬ್ರಷ್ ಸವರಿದರೆ ನೋವಾಗುತ್ತದೆಯೇ ಎಂದು ವೈದ್ಯರು ಪರೀಕ್ಷಿಸುತ್ತಾರೆ. ಹತ್ತರಲ್ಲಿ ನಾಲ್ಕು ಬಂದರೆ ನರದ ನೋವು ಎಂದು ಭಾವಿಸುತ್ತಾರೆ. ಪ್ಯಾರಸಿಟಮಾಲ್, ಡೈಕ್ಲೋಫೆನಾಕ್ ಇಲ್ಲಿ ಹೆಚ್ಚು ನೆರವಾಗದಿರಲು ಕಾರಣ ಸರಳ. ಡೈಕ್ಲೋಫೆನಾಕ್ ತಡೆಯುವುದು ಉರಿಯೂತದ ಪ್ರೊಸ್ಟಗ್ಲಾಂಡಿನ್ ತಯಾರಿಯನ್ನು, ಇಲ್ಲಿ ತೊಂದರೆ ಕೊಡುತ್ತಿರುವುದು ನರವೇ ಹುಟ್ಟಿಸುವ ಸುಳ್ಳು ಸಂಕೇತ.

ಆ ಸುಳ್ಳು ಸಂಕೇತ ಹುಟ್ಟುವ ಬಗೆ ನೋಡೋಣ. ಕಾಲಿನ ನೋವಿನ ನರಕೋಶದ ಒಡಲು ಇರುವುದು ಕಾಲಿನಲ್ಲಲ್ಲ, ಸೊಂಟದ ಬಳಿ ಬೆನ್ನುಹುರಿಯ ಪಕ್ಕದಲ್ಲಿರುವ ಡಾರ್ಸಲ್ ರೂಟ್ ಗ್ಯಾಂಗ್ಲಿಯಾನ್ ಎಂಬ ನರಗಂಟಿನಲ್ಲಿ. ಅಲ್ಲಿಂದ ಒಂದು ಎಳೆ ಪಾದದವರೆಗೆ, ಸುಮಾರು ಒಂದು ಮೀಟರ್, ಇಳಿಯುತ್ತದೆ. ಇನ್ನೊಂದು ಚಿಕ್ಕ ಎಳೆ ಬೆನ್ನುಹುರಿಯೊಳಗೆ ಹೋಗುತ್ತದೆ. ಪ್ರೋಟೀನು ತಯಾರಾಗುವುದು ಬಹುಪಾಲು ಗಂಟಿನಲ್ಲೇ. ತಯಾರಾದದ್ದು ಎಳೆಯೊಳಗಿನ ಸೂಕ್ಷ್ಮನಾಳಗಳ ಮೇಲೆ ದಿನಕ್ಕೆ 200ರಿಂದ 400 ಮಿ.ಮೀ. ವೇಗದಲ್ಲಿ ಸಾಗುತ್ತದೆ. ಪಾದ ಮುಟ್ಟಲು ಎರಡೂವರೆಯಿಂದ ಐದು ದಿನ ಹಿಡಿಯುತ್ತದೆ. ನರಕ್ಕೆ ಪೆಟ್ಟು ಬಿದ್ದರೆ ಈ ಸರಬರಾಜು ಕತ್ತರಿಸಿದ ತುದಿಯಲ್ಲಿ ನಿಂತುಬಿಡುತ್ತದೆ. ಪಾದಕ್ಕೆಂದು ಹೊರಟಿದ್ದ ಸೋಡಿಯಂ ಚಾನೆಲ್‌ಗಳು ಅಲ್ಲಿ ರಾಶಿ ಬೀಳುತ್ತವೆ, ಯಾರೂ ಮುಟ್ಟದೆ ಆ ತುದಿ ತಾನೇ ತಾನಾಗಿ ಸಂಕೇತ ಸಿಡಿಸುತ್ತದೆ. ನರ ಮತ್ತೆ ಬೆಳೆಯುವ ವೇಗವಂತೂ ದಿನಕ್ಕೆ ಸುಮಾರು ಒಂದು ಮಿಲಿಮೀಟರ್.

ಗಂಟಿನೊಳಗೂ ಬದಲಾವಣೆ ಆಗುತ್ತದೆ. ಆಲ್ಫಾ-2-ಡೆಲ್ಟಾ-1 ಎಂಬ ಪ್ರೋಟೀನಿನ ಉತ್ಪಾದನೆ ಹಲವು ಪಟ್ಟು ಹೆಚ್ಚುತ್ತದೆ. ಇದು ಕ್ಯಾಲ್ಸಿಯಂ ಚಾನೆಲ್‌ಗೆ ಜೊತೆಗಾರ ಪ್ರೋಟೀನು. ಬೆನ್ನುಹುರಿಯೊಳಗಿನ ತುದಿಗೆ ಇದು ಹೆಚ್ಚು ಹೋದಷ್ಟೂ ಅಲ್ಲಿ ಕ್ಯಾಲ್ಸಿಯಂ ಹೆಚ್ಚು ಒಳಬರುತ್ತದೆ, ಗ್ಲುಟಮೇಟ್‌ನಂಥ ರಾಸಾಯನಿಕಗಳು ಹೆಚ್ಚು ಸುರಿಯುತ್ತವೆ, ಬೆನ್ನುಹುರಿಯ ಮುಂದಿನ ನರಕೋಶ ಕೆರಳಿ ಕೂರುತ್ತದೆ. ಗ್ಯಾಬಾಪೆಂಟಿನ್ ಮತ್ತು ಅದೇ ಗುಂಪಿನ ಪ್ರೀಗ್ಯಾಬಲಿನ್ ಹಿಡಿದುಕೊಳ್ಳುವುದು ಇದೇ ಪ್ರೋಟೀನನ್ನು. ಹೆಸರಿನಲ್ಲಿ ‘ಗಾಬಾ’ ಇದ್ದರೂ, ಗಾಬಾ ರಾಸಾಯನಿಕದ ಹೋಲಿಕೆಯಲ್ಲೇ ಕಟ್ಟಿದ ಅಣುವಾದರೂ, ಗಾಬಾ ರಿಸೆಪ್ಟರ್‌ಗೂ ಇವಕ್ಕೂ ಸಂಬಂಧವಿಲ್ಲ. ಆಲ್ಫಾ-2-ಡೆಲ್ಟಾ-1ರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿ ಔಷಧ ಅಂಟದಂತೆ ಮಾಡಿದ ಇಲಿಗಳಲ್ಲಿ ನೋವಿನ ಮೇಲೆ ಇವುಗಳ ಪರಿಣಾಮವೇ ಕಾಣಲಿಲ್ಲ ಎಂದು 2006ರಲ್ಲಿ ತೋರಿಸಿದ ಮೇಲೆ ಈ ಬಗ್ಗೆ ಅನುಮಾನ ಉಳಿದಿಲ್ಲ.

ಕುತೂಹಲದ ವಿಷಯವೆಂದರೆ, ಔಷಧ ಅಂಟಿದ ತಕ್ಷಣ ಚಾನೆಲ್ ಮುಚ್ಚಿಬಿಡುವುದಿಲ್ಲ. ಅದು ಮುಖ್ಯವಾಗಿ ತಡೆಯುವುದು ಗಂಟಿನಿಂದ ಬೆನ್ನುಹುರಿಯ ತುದಿಗೆ, ಅಲ್ಲಿಂದ ಕೋಶದ ಹೊರಮೈಗೆ ಈ ಪ್ರೋಟೀನಿನ ಸಾಗಾಟವನ್ನು. ದೇಹದೊಳಗೆ ತಾನೇ ಸಾಗಾಟಕ್ಕೆ ಪರದಾಡುವ ಔಷಧ ಮಾಡುವ ಕೆಲಸವೂ ಸಾಗಾಟ ನಿಲ್ಲಿಸುವುದೇ. ಈಗಾಗಲೇ ತುದಿ ತಲುಪಿದ ಪ್ರೋಟೀನು ಕರಗುವವರೆಗೆ ಕಾಯಬೇಕು. ಮೊದಲ ಮಾತ್ರೆಗೆ ತಲೆ ಸುತ್ತು ಬರುತ್ತದೆ, ಆದರೆ ಪೂರ್ತಿ ಉಪಶಮನ ಕಾಣಲು ವಾರಗಳು ಬೇಕಾಗುತ್ತವೆ. ಇದಕ್ಕೆ ಕೊಡುವ ವಿವರಣೆಗಳಲ್ಲಿ ಇದೂ ಒಂದು. ನಾಲ್ಕು ದಿನ ತಿಂದು ‘ತಲೆ ತಿರುಗುವುದು ಬಿಟ್ಟರೆ ಏನೂ ಆಗಲಿಲ್ಲ’ ಎಂದು ಬಿಡುವವರು ಲಾಭಕ್ಕೆ ಮೊದಲೇ ನಷ್ಟ ಎಣಿಸಿರುತ್ತಾರೆ.

ಕರುಳಿನ ಗೋಡೆಯಲ್ಲಿ

ಗ್ಯಾಬಾಪೆಂಟಿನ್ ಅಣು ನೀರಿಗೆ ಒಲಿದದ್ದು, ಕೊಬ್ಬಿನ ಪೊರೆಯನ್ನು ತಾನಾಗಿ ದಾಟಲಾರದು. ಲ್ಯೂಸಿನ್, ಫಿನೈಲ್ ಅಲನಿನ್ ಮುಂತಾದ ಅಮೈನೋ ಆಮ್ಲಗಳನ್ನು ದಾಟಿಸಲೆಂದೇ ಕರುಳಿನಲ್ಲಿರುವ ‘ಎಲ್-ವ್ಯವಸ್ಥೆ’ಯ ಸಾಗಣೆ ಪ್ರೋಟೀನನ್ನು ಅದು ಆಶ್ರಯಿಸುತ್ತದೆ. ಇದನ್ನು ಹೊಳೆಯ ಕಡವಿನ ದೋಣಿ ಎಂದುಕೊಳ್ಳಿ: ದಡದಲ್ಲಿ ಎಷ್ಟೇ ಜನ ನಿಂತಿರಲಿ, ಒಂದು ಸಲಕ್ಕೆ ಕೂರುವವರ ಸಂಖ್ಯೆ ಇಷ್ಟೇ. ಹೀರಿಕೊಳ್ಳುವ ಸಣ್ಣಕರುಳಿನ ಭಾಗವನ್ನು ದಾಟಿಹೋದ ಔಷಧ ಮುಂದೆ ಮಲದೊಂದಿಗೆ ಹೊರಗೆ.

ಇದರಿಂದ ಹೊರಡುವ ವ್ಯಾವಹಾರಿಕ ಪಾಠಗಳಿವೆ. ದಿನದ ಒಟ್ಟು ಡೋಸ್ ಎಷ್ಟು ಎಂಬುದಕ್ಕಿಂತ ಒಂದು ಹೊತ್ತಿಗೆ ಎಷ್ಟು ಎಂಬುದೇ ದಾಟುವ ಪಾಲನ್ನು ನಿರ್ಧರಿಸುತ್ತದೆ. ಮೇಲಿನ ಅಂಕಿಗಳೆಲ್ಲ ಮೂರು ಹೊತ್ತಿಗೆ ಹಂಚಿದವು. ‘ಮಧ್ಯಾಹ್ನ ಮರೆತೆ, ರಾತ್ರಿ ಎರಡು ಸೇರಿಸಿ ತಿಂದೆ’ ಎಂದರೆ ಆ ಎರಡನೆಯದರ ದೊಡ್ಡ ಪಾಲು ವ್ಯರ್ಥ. ಔಷಧದ ಅರ್ಧಾಯುಷ್ಯ (ರಕ್ತದಲ್ಲಿನ ಮಟ್ಟ ಅರ್ಧಕ್ಕಿಳಿಯಲು ಬೇಕಾದ ಹೊತ್ತು) 5ರಿಂದ 7 ಗಂಟೆ ಆಗಿರುವುದರಿಂದಲೂ ಮೂರು ಹೊತ್ತು ಅನಿವಾರ್ಯ. ಎರಡು ಡೋಸ್ ನಡುವೆ 12 ಗಂಟೆ ಮೀರಬಾರದು ಎಂಬ ಸೂಚನೆ ಇದೆ.

ಗ್ಯಾಸ್ಟ್ರಿಕ್‌ಗೆಂದು ಕುಡಿಯುವ ಅಲ್ಯೂಮಿನಿಯಂ-ಮೆಗ್ನೀಷಿಯಂ ಆಂಟಾಸಿಡ್ ಸಿರಪ್ ಇನ್ನೊಂದು ಕಳ್ಳದಾರಿ. ಜೊತೆಯಲ್ಲಿ ತೆಗೆದುಕೊಂಡರೆ ಗ್ಯಾಬಾಪೆಂಟಿನ್ ಸೇರುವಿಕೆ ಸುಮಾರು ಶೇ 20 ಕಡಿಮೆಯಾಗುತ್ತದೆ. ಸಿರಪ್ ಕುಡಿದು ಕನಿಷ್ಠ ಎರಡು ಗಂಟೆ ಬಿಟ್ಟು ಕ್ಯಾಪ್ಸೂಲ್ ನುಂಗಬೇಕು. ಮಾತ್ರೆ ಜಾಸ್ತಿಯಾದಾಗ ಹೊಟ್ಟೆಯುರಿ ಎಂದು ಸಿರಪ್ ಸೇರಿಸುವುದು ನಮ್ಮಲ್ಲಿ ಮಾಮೂಲು, ಅಂತರದ ಮಾತನ್ನು ಹೇಳುವವರು ಕಡಿಮೆ. ಅದೇ ದೋಣಿಯಲ್ಲಿ ಬೇಳೆ, ಮೊಟ್ಟೆಯ ಅಮೈನೋ ಆಮ್ಲಗಳೂ ಏರುವುದರಿಂದ ಊಟದ ಜೊತೆ ತಿಂದರೆ ಔಷಧ ಕಡಿಮೆ ಸೇರಬೇಕಲ್ಲವೇ? ತರ್ಕ ಹಾಗೆನ್ನುತ್ತದೆ, ಅಳತೆ ಹಾಗೆನ್ನುವುದಿಲ್ಲ. ಊಟದ ಜೊತೆ ರಕ್ತದ ಮಟ್ಟ ಸುಮಾರು ಶೇ 14 ಏರಿದ್ದು ದಾಖಲಾಗಿದೆ. ಹೊಟ್ಟೆ ನಿಧಾನವಾಗಿ ಖಾಲಿಯಾದರೆ ಔಷಧವೂ ಸ್ವಲ್ಪ ಸ್ವಲ್ಪವೇ ಕರುಳಿಗೆ ಬರುತ್ತದೆ. ಅದು ಬಹುಶಃ ಪೈಪೋಟಿಯ ನಷ್ಟವನ್ನು ಮೀರಿಸುತ್ತದೆ.

ಈ ತೊಡಕನ್ನು ಬಿಡಿಸಲು ರಸಾಯನಶಾಸ್ತ್ರಜ್ಞರು ಮಾಡಿದ ಉಪಾಯವೆಂದರೆ ಗ್ಯಾಬಾಪೆಂಟಿನ್‌ಗೆ ಒಂದು ರಾಸಾಯನಿಕ ಬಾಲ ಅಂಟಿಸಿದ್ದು. ಗ್ಯಾಬಾಪೆಂಟಿನ್ ಎನಕಾರ್ಬಿಲ್ ಎಂಬ ಈ ಪೂರ್ವರೂಪ ಬೇರೆ ಎರಡು ಸಾಗಣೆ ಪ್ರೋಟೀನುಗಳನ್ನು ಹಿಡಿದು ಕರುಳು ದಾಟುತ್ತದೆ, ದಾಟಿದ ಮೇಲೆ ಬಾಲ ಕಳಚಿ ಮಾಮೂಲಿ ಗ್ಯಾಬಾಪೆಂಟಿನ್ ಆಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಸರ್ಪಸುತ್ತಿನ ನಂತರದ ನೋವಿಗೆ 2012ರಲ್ಲಿ ಒಪ್ಪಿತು. ಆದರೆ ಆ ಹೊತ್ತಿಗೆ ಪ್ರೀಗ್ಯಾಬಲಿನ್ ಬಂದು ಎಂಟು ವರ್ಷವಾಗಿತ್ತು. ಪ್ರೀಗ್ಯಾಬಲಿನ್ ಕರುಳಿನ ಹೆಚ್ಚು ಉದ್ದಕ್ಕೂ ಸೇರಿಕೊಳ್ಳುತ್ತದೆ. ಡೋಸ್ ಎಷ್ಟಿದ್ದರೂ ಶೇ 90ಕ್ಕಿಂತ ಹೆಚ್ಚು ರಕ್ತಕ್ಕೆ ಬರುತ್ತದೆ. 75 ಕೊಟ್ಟಲ್ಲಿ 150 ಕೊಟ್ಟರೆ ರಕ್ತದಲ್ಲೂ ಎರಡರಷ್ಟು. ಲೆಕ್ಕ ನೇರ, ಹಾಗೆಂದೇ ಅಪಾಯವೂ ನೇರ: ಗ್ಯಾಬಾಪೆಂಟಿನ್‌ನಲ್ಲಿ ಕರುಳೇ ಹಾಕುವ ಬ್ರೇಕ್ ಇಲ್ಲಿಲ್ಲ. ದುರ್ಬಳಕೆಯ ದೂರುಗಳಲ್ಲಿ ಪ್ರೀಗ್ಯಾಬಲಿನ್ ಹೆಸರೇ ಮುಂದೆ ಕೇಳಲು ಇದೂ ಒಂದು ಕಾರಣವಿರಬಹುದು. ಬ್ರಿಟನ್ ಎರಡನ್ನೂ 2019ರ ಏಪ್ರಿಲ್‌ನಿಂದ ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಿತು.

ಮಿದುಳಿನ ತಡೆ, ನರದ ತಡೆ

ರಕ್ತಕ್ಕೆ ಬಂದ ಮಾತ್ರಕ್ಕೆ ಬೆನ್ನುಹುರಿಗೆ ಬಂತೆಂದಲ್ಲ. ಮಿದುಳು-ಬೆನ್ನುಹುರಿಯ ಸೂಕ್ಷ್ಮ ರಕ್ತನಾಳಗಳ ಕೋಶಗಳು ಸಂದಿಲ್ಲದಂತೆ ಹೊಲಿದುಕೊಂಡಿರುತ್ತವೆ. ಗ್ಯಾಬಾಪೆಂಟಿನ್ ಇಲ್ಲೂ ಅಮೈನೋ ಆಮ್ಲದ ವೇಷದಲ್ಲೇ ‘ಲ್ಯಾಟ್-1’ ಎಂಬ ಸಾಗಣೆ ಪ್ರೋಟೀನಿನ ಮೂಲಕ ನುಸುಳುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲಿವೊಡೋಪ ಹಿಡಿಯುವ ದಾರಿಯೂ ಇದೇ. ಅಪಸ್ಮಾರದ ರೋಗಿಗಳಲ್ಲಿ ಅಳೆದಾಗ ಮಿದುಳುಬಳ್ಳಿಯ ದ್ರವದಲ್ಲಿ ಸಿಕ್ಕ ಗ್ಯಾಬಾಪೆಂಟಿನ್ ರಕ್ತದಲ್ಲಿದ್ದುದರ ಸುಮಾರು ಐದನೇ ಒಂದು ಭಾಗ.

ಕೆಲವು ಔಷಧಗಳಿಗೆ ಒಳಗೆ ಹೋಗುವುದು ಕಷ್ಟವಲ್ಲ, ಒಳಗೆ ಉಳಿಯುವುದೇ ಕಷ್ಟ. ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪ್ ಒಳಬಂದದ್ದನ್ನು ಮತ್ತೆ ರಕ್ತಕ್ಕೆ ದೂಡುತ್ತದೆ. ಭೇದಿಗೆ ಕೊಡುವ ಲೋಪೆರಮೈಡ್ ನಿಜದಲ್ಲಿ ಒಪಿಯಾಯ್ಡ್, ಅಂದರೆ ಅಫೀಮಿನ ಬಗೆಯ ಔಷಧ, ಮಾರ್ಫಿನ್‌ನ ದಾಯಾದಿ. ಮಾಮೂಲಿ ಡೋಸಿನಲ್ಲಿ ಅಮಲೇರದಿರುವುದಕ್ಕೆ ಈ ಪಂಪಿನ ಕಾವಲು ದೊಡ್ಡ ಕಾರಣ. ಉರಿಯೂತದ ನೋವಿರುವ ಇಲಿಗಳ ಮಿದುಳಿನ ರಕ್ತನಾಳದಲ್ಲಿ ಈ ಪಂಪ್ ಹೆಚ್ಚಾಗಿ, ಮಾರ್ಫಿನ್ ಒಳಸೇರುವುದು ಕಡಿಮೆಯಾದದ್ದೂ ಕಂಡಿದೆ. ಅಂದರೆ ನೋವೇ ತನ್ನ ಮದ್ದಿನ ದಾರಿಯನ್ನು ಕಿರಿದಾಗಿಸಬಲ್ಲದು.

ದಾಟಲು ದಾರಿಯೇ ಇಲ್ಲದ ಔಷಧವನ್ನು ಗೋಡೆಯಾಚೆ ಒಯ್ದು ಇಡಬೇಕಾಗುತ್ತದೆ. ಕೋನಸ್ ಮಾಗಸ್ ಎಂಬ ಸಮುದ್ರದ ಶಂಖುಹುಳದ ವಿಷದಿಂದ ಬಂದ ಜಿಕೊನೊಟೈಡ್ ಅಂಥದ್ದು. 2004ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಇದು 25 ಅಮೈನೋ ಆಮ್ಲಗಳ ಪೆಪ್ಟೈಡ್. ಬಾಯಿಂದಲೂ ರಕ್ತನಾಳದಿಂದಲೂ ಪ್ರಯೋಜನವಿಲ್ಲ. ಹೊಟ್ಟೆಯ ಚರ್ಮದಡಿ ಪಂಪ್ ಇಟ್ಟು, ಬೆನ್ನುಹುರಿಯ ದ್ರವದೊಳಕ್ಕೆ ನಳಿಗೆ ಬಿಟ್ಟು ಹನಿಸುತ್ತಾರೆ. ಆರಂಭ ದಿನಕ್ಕೆ 2.4 ಮೈಕ್ರೋಗ್ರಾಂ ಮೀರಬಾರದು, ಗರಿಷ್ಠ 19.2. ಮಿಲಿಗ್ರಾಂ ಅಲ್ಲ, ಅದರ ಸಾವಿರದ ಒಂದು ಭಾಗದ ಲೆಕ್ಕ. ಬೇಗ ಏರಿಸಿದರೆ ಗೊಂದಲ, ಭ್ರಮೆ ಕಾಣುತ್ತವೆ. ಹಾಗಾಗಿ ಇದು ಬೇರೆಲ್ಲ ದಾರಿ ಮುಚ್ಚಿದವರಿಗೆ ಮಾತ್ರ.

ಇನ್ನು ನರದ್ದೇ ತಡೆ. ನರದ ಎಳೆಗಳ ಕಟ್ಟನ್ನು ಸುತ್ತುವ ಪೆರಿನ್ಯೂರಿಯಂ ಪೊರೆಯ ಕೋಶಗಳೂ ಒಳಗಿನ ಸೂಕ್ಷ್ಮ ರಕ್ತನಾಳಗಳೂ ಬಿಗಿಯಾಗಿ ಮುಚ್ಚಿಕೊಂಡಿರುತ್ತವೆ. ಆದರೆ ಬೆನ್ನುಹುರಿ ಪಕ್ಕದ ಆ ನರಗಂಟಿನ ರಕ್ತನಾಳಗಳಲ್ಲಿ ಕಿಂಡಿಗಳಿವೆ, ಅಲ್ಲಿ ಅಂಥ ಕಾವಲಿಲ್ಲ. ಒಂದೇ ನರಕೋಶದ ಒಡಲು ಬಯಲಿನಲ್ಲಿ, ಎಳೆ ಕೋಟೆಯೊಳಗೆ, ಇನ್ನೊಂದು ತುದಿ ಬೆನ್ನುಹುರಿಯ ಇನ್ನೂ ಬಿಗಿಯಾದ ಕೋಟೆಯೊಳಗೆ. ಯಾವ ತುಂಡಿನ ಮೇಲೆ ಔಷಧ ಕೆಲಸ ಮಾಡಬೇಕು ಎಂಬುದು ಗೊತ್ತಿಲ್ಲದೆ ಅಣು ರೂಪಿಸಿದರೆ ಏನಾಗುತ್ತದೆ ಎಂಬುದಕ್ಕೆ ನ್ಯಾವ್ 1.7 ಸೋಡಿಯಂ ಚಾನೆಲ್‌ನ ಕತೆಯೇ ಸಾಕು.

2006ರಲ್ಲಿ ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ನೋವೇ ತಿಳಿಯದ ಮಕ್ಕಳು ಪತ್ತೆಯಾದರು. ಅವರಲ್ಲಿ ನ್ಯಾವ್ 1.7 ಚಾನೆಲ್‌ನ ಜೀನ್ ಕೆಟ್ಟಿತ್ತು. ಸ್ಪರ್ಶ, ಬುದ್ಧಿ ಎಲ್ಲ ಸರಿಯಿತ್ತು. ಈ ಒಂದು ಚಾನೆಲ್ ಮುಚ್ಚಿದರೆ ನೋವು ಮಾಯ ಎಂದು ಔಷಧ ಕಂಪನಿಗಳು ಮುಗಿಬಿದ್ದವು. ಫೈಜರ್‌ನ ಪಿಎಫ್-05089771 ಅಣು ನ್ಯಾವ್ 1.7 ಅನ್ನು ಚೆನ್ನಾಗಿಯೇ ಆಯ್ದು ಹಿಡಿಯುತ್ತಿತ್ತು. ಸಕ್ಕರೆ ಕಾಯಿಲೆಯ ನರನೋವಿನ ಪ್ರಯೋಗದಲ್ಲಿ ಪ್ಲಾಸಿಬೊಗಿಂತ (ಔಷಧವಿಲ್ಲದ ಹುಸಿ ಗುಳಿಗೆಗಿಂತ) ಸ್ಪಷ್ಟ ಮೇಲುಗೈ ಸಾಧಿಸಲಿಲ್ಲ. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಅದು ರಕ್ತದ ಪ್ರೋಟೀನುಗಳಿಗೆ ಶೇ 99ಕ್ಕಿಂತ ಹೆಚ್ಚು ಅಂಟಿಕೊಳ್ಳುವ ಅಣು. ಲ್ಯಾಬ್ ವರದಿಯಲ್ಲಿ ‘ರಕ್ತದ ಮಟ್ಟ’ ದೊಡ್ಡದಾಗಿ ಕಂಡರೂ ಪೊರೆ ದಾಟಿ ಕೆಲಸ ಮಾಡುವುದು ಅಂಟದೆ ಉಳಿದ ಚೂರು ಮಾತ್ರ. ಆ ಚೂರಿನಲ್ಲೂ ನರದ ಪೊರೆಯೊಳಗೆ ಎಷ್ಟು, ಬೆನ್ನುಹುರಿಯ ತುದಿಯಲ್ಲಿ ಎಷ್ಟು? ನ್ಯಾವ್ 1.7ರ ಮುಖ್ಯ ಕೆಲಸ ಬೆನ್ನುಹುರಿಯೊಳಗಿನ ತುದಿಯಲ್ಲೇ ನಡೆಯುತ್ತದೆ, ಚರ್ಮದ ತುದಿಯಲ್ಲಿ ಮುಚ್ಚಿ ಲಾಭವಿಲ್ಲ ಎಂಬ ವಾದ ಆಮೇಲೆ ಬಲವಾಯಿತು. ಸಾಗಾಟ ಒಂದೇ ಕಾರಣ ಎನ್ನಲಾಗದು. ಹುಟ್ಟಿನಿಂದ ಇಲ್ಲದಿರುವುದಕ್ಕೂ ದೊಡ್ಡವರಾದ ಮೇಲೆ ಕೆಲವು ವಾರ ಮುಚ್ಚುವುದಕ್ಕೂ ವ್ಯತ್ಯಾಸವಿದೆ.

ನರಗಂಟಿನ ಬಯಲುತನಕ್ಕೆ ಇನ್ನೊಂದು ಮುಖವಿದೆ. ಕ್ಯಾನ್ಸರ್ ಔಷಧಗಳಾದ ಪ್ಯಾಕ್ಲಿಟ್ಯಾಕ್ಸೆಲ್, ವಿನ್‌ಕ್ರಿಸ್ಟಿನ್ ಮಿದುಳಿಗೆ ಅಷ್ಟಾಗಿ ನುಗ್ಗಲಾರವು, ಗಂಟಿಗೆ ಸಲೀಸಾಗಿ ಬರುತ್ತವೆ. ಅವು ಕೆಡಿಸುವುದು ಸೂಕ್ಷ್ಮನಾಳಗಳನ್ನು, ಅಂದರೆ ಎಳೆಯೊಳಗಿನ ಸಾಗಾಟದ ಹಳಿಯನ್ನೇ. ಅತಿ ಉದ್ದದ ಎಳೆಗಳ ತುದಿಗೆ ಸರಬರಾಜು ಮೊದಲು ಕೈಕೊಡುವುದರಿಂದ ಜೋಮು ಕಾಲ್ಬೆರಳು, ಕೈಬೆರಳ ತುದಿಯಿಂದಲೇ ಶುರು. ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಔಷಧ ಗಂಟಿನ ಕೋಶದೊಳಕ್ಕೆ ಬರುವುದು ‘ಆಕ್ಟ್-2’ ಎಂಬ ಸಾಗಣೆ ಪ್ರೋಟೀನನ್ನು ಹಿಡಿದು. ಈ ಬಗೆಯ ಪ್ರೋಟೀನಿಲ್ಲದ ಇಲಿಗಳಲ್ಲಿ ಅದರ ನರಬಾಧೆ ಕಡಿಮೆಯಾಗಿತ್ತು. ಹಾಗಾಗಿ ಕೆಲವು ಪ್ರಯೋಗಾಲಯಗಳು ಈಗ ನೋವಿನ ಮದ್ದು ಹುಡುಕುವ ಬದಲು, ಕೀಮೋ ಕೊಡುವ ಹೊತ್ತಿನಲ್ಲಿ ಆ ಬಾಗಿಲನ್ನು ಕೆಲ ಗಂಟೆ ಮುಚ್ಚಿಡಬಹುದೇ ಎಂದು ನೋಡುತ್ತಿವೆ. ಗೆಡ್ಡೆಯ ಕೋಶಕ್ಕೂ ಅದೇ ಬಾಗಿಲಿದ್ದರೆ ಕ್ಯಾನ್ಸರ್ ಚಿಕಿತ್ಸೆಯೇ ದುರ್ಬಲವಾಗುವ ಅಪಾಯವಿದೆ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಭರವಸೆಯದೆಂದು ತೋರುವ ದಾರಿ ಇದು, ಏಕೆಂದರೆ ಇಲ್ಲಿ ಪೆಟ್ಟು ಬೀಳುವ ದಿನಾಂಕ ಮೊದಲೇ ಗೊತ್ತಿರುತ್ತದೆ.

ಹೊಸದಾಗಿ ಬಂದಿರುವುದು ಸುಜೆಟ್ರಿಜಿನ್. 2025ರ ಜನವರಿ 30ರಂದು ಎಫ್‌ಡಿಎ ಒಪ್ಪಿದ ಇದು ನ್ಯಾವ್ 1.8 ಚಾನೆಲ್ ತಡೆಯುತ್ತದೆ. ಈ ಚಾನೆಲ್ ಮುಖ್ಯವಾಗಿ ಮಿದುಳಿನ ಹೊರಗಿನ ನೋವಿನ ನರಗಳಲ್ಲಿರುವುದರಿಂದ ಔಷಧ ಮಿದುಳು ಸೇರಲೇಬೇಕೆಂದಿಲ್ಲ. ಒಪಿಯಾಯ್ಡ್‌ನಂತೆ ಚಟ ಹತ್ತುವ ಭಯವಿಲ್ಲ ಎಂಬ ನಿರೀಕ್ಷೆಗೆ ಇದೇ ಆಧಾರ. ಖಾಲಿ ಹೊಟ್ಟೆಯಲ್ಲಿ ಮೊದಲು 100 ಮಿ.ಗ್ರಾಂ., ನಂತರ 12 ಗಂಟೆಗೊಮ್ಮೆ 50. ಆದರೆ ಒಪ್ಪಿಗೆ ಸಿಕ್ಕಿರುವುದು ಶಸ್ತ್ರಚಿಕಿತ್ಸೆಯ ನಂತರದಂಥ ಮಧ್ಯಮದಿಂದ ತೀವ್ರ ಮಟ್ಟದ ಅಲ್ಪಾವಧಿ ನೋವಿಗೆ ಮಾತ್ರ. ಸೊಂಟದಿಂದ ಕಾಲಿಗಿಳಿಯುವ ನರನೋವಿನ ಎರಡನೇ ಹಂತದ ಪ್ರಯೋಗದಲ್ಲಿ ಹನ್ನೆರಡು ವಾರಕ್ಕೆ ನೋವು ಹತ್ತರ ಅಳತೆಯಲ್ಲಿ 2.02 ಇಳಿಯಿತು. ಪ್ಲಾಸಿಬೊ ಗುಂಪಿನಲ್ಲಿ 1.98. ಹುಸಿ ಗುಳಿಗೆಗೂ ಎರಡು ಅಂಕ ಇಳಿಯುವ ಕಾಯಿಲೆಯಲ್ಲಿ ಔಷಧದ ಗುಣ ತೋರಿಸುವುದೇ ಕಷ್ಟ ಎಂಬುದು ಇದರಿಂದ ಎದ್ದು ಕಾಣುತ್ತದೆ.

ಇಲಿಯ ಪಾದ ಹೇಳುವುದು ಎಷ್ಟು?

ಇವೆಲ್ಲದರ ಬುಡದಲ್ಲಿರುವುದು ಇಲಿಯ ಸಯಾಟಿಕ್ ನರ, ಅಂದರೆ ತೊಡೆಯ ಹಿಂದಿನಿಂದ ಕಾಲಿಗಿಳಿಯುವ ದಪ್ಪ ನರ. ಬೆನೆಟ್ ಮತ್ತು ಷೀ 1988ರಲ್ಲಿ ಕೊಟ್ಟ ವಿಧಾನದಲ್ಲಿ ಅದರ ಸುತ್ತ ಕ್ರೋಮಿಕ್ ಗಟ್ ದಾರದ ನಾಲ್ಕು ಸಡಿಲ ಗಂಟುಗಳನ್ನು ಸುಮಾರು ಒಂದೊಂದು ಮಿಲಿಮೀಟರ್ ಬಿಟ್ಟು ಹಾಕುತ್ತಾರೆ. ನರದ ಮೇಲಿನ ರಕ್ತ ಸಂಚಾರ ನಿಲ್ಲಬಾರದು. ಗಂಟು ಎಷ್ಟು ಬಿಗಿ ಎಂಬುದು ಕೈ ಬದಲಾದಂತೆ ಬದಲಾಗುತ್ತದೆ, ಅಲ್ಲೇ ಮೊದಲ ಏರುಪೇರು. ಕಿಮ್ ಮತ್ತು ಚುಂಗ್ 1992ರಲ್ಲಿ ಐದು ಮತ್ತು ಆರನೇ ಸೊಂಟದ ನರಗಳನ್ನು ಕಟ್ಟುವ ವಿಧಾನ ತಂದರು. 2000ದಲ್ಲಿ ಡೆಕೋಸ್ಟರ್ಡ್ ಮತ್ತು ವುಲ್ಫ್ ಮೂರು ಕವಲುಗಳಲ್ಲಿ ಎರಡನ್ನು ಕಟ್ಟಿ ಕತ್ತರಿಸಿ, ಸೂರಲ್ ಕವಲನ್ನು ಮಾತ್ರ ಉಳಿಸುವ ವಿಧಾನ ಕೊಟ್ಟರು. ಇದರಲ್ಲಿ ಪಾದದ ಹೊರ ಅಂಚು ತಿಂಗಳುಗಟ್ಟಲೆ ಸೂಕ್ಷ್ಮವಾಗಿರುತ್ತದೆ.

ಆಮೇಲೆ ಅಳತೆ. ಜಾಲರಿಯ ಮೇಲೆ ನಿಂತ ಇಲಿಯ ಅಂಗಾಲಿಗೆ ಕೆಳಗಿನಿಂದ ವಾನ್ ಫ್ರೇ ಎಳೆ ಒತ್ತುತ್ತಾರೆ. ಎಳೆ ನಿಗದಿತ ಭಾರಕ್ಕೆ ಬಾಗುತ್ತದೆ. ಸಾಮಾನ್ಯವಾಗಿ 2 ಗ್ರಾಂನಿಂದ ಆರಂಭಿಸಿ, ಕಾಲೆಳೆದರೆ ಕಡಿಮೆ ಭಾರದ್ದು, ಎಳೆಯದಿದ್ದರೆ ಹೆಚ್ಚಿನದ್ದು, ಹೀಗೆ ಏರಿಳಿದು ಅರ್ಧದಷ್ಟು ಸಲ ಕಾಲೆಳೆಯುವ ಭಾರವನ್ನು ಲೆಕ್ಕಿಸುತ್ತಾರೆ. ಇಲಿಗಳಲ್ಲಿ ಮೇಲ್ಮಿತಿ 15 ಗ್ರಾಂ. ತೊಂದರೆಯೆಂದರೆ ಇದು ಅಳೆಯುವುದು ಪ್ರತಿವರ್ತನೆಯನ್ನು. ಬೆನ್ನುಹುರಿಯ ಮಟ್ಟದಲ್ಲೇ ನಡೆಯಬಲ್ಲ ಕಾಲೆಳೆತಕ್ಕೂ ರಾತ್ರಿಯಿಡೀ ನಿದ್ದೆಗೆಡಿಸುವ ಉರಿಗೂ ನೇರ ಸಮೀಕರಣವಿಲ್ಲ. ಔಷಧ ಇಲಿಗೆ ಮಂಪರು ತಂದರೂ ಅದು ಕಾಲೆಳೆಯುವುದಿಲ್ಲ. ತಿರುಗುವ ದಿಂಡಿನ ಮೇಲೆ ನಡೆಸುವ ರೋಟಾರಾಡ್ ಪರೀಕ್ಷೆಯನ್ನು ಜೊತೆಗೆ ಮಾಡದಿದ್ದರೆ ನಿದ್ದೆಯನ್ನೇ ನೋವುಶಮನ ಎಂದು ಬರೆದುಬಿಡುತ್ತಾರೆ. ಬಹುಕಾಲ ಗಂಡು ಇಲಿಗಳನ್ನೇ ಬಳಸಿದ್ದು ಇನ್ನೊಂದು ದೋಷ. 2015ರಲ್ಲಿ ಗಂಡಿಲಿಗಳಲ್ಲಿ ನರನೋವು ಬೆನ್ನುಹುರಿಯ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳನ್ನು ಅವಲಂಬಿಸಿದರೆ ಹೆಣ್ಣಿಲಿಗಳಲ್ಲಿ ರೋಗನಿರೋಧಕ ಟಿ-ಕೋಶಗಳನ್ನು ಅವಲಂಬಿಸುತ್ತದೆ ಎಂದು ಕಂಡುಬಂತು.

ಸಾಗಾಟದ ಕಣ್ಣಿನಿಂದ ನೋಡಿದರೆ ಇನ್ನೂ ಒಂದು ತಪ್ಪು ಎದ್ದು ಕಾಣುತ್ತದೆ. ಇಲಿಗೆ ಗ್ಯಾಬಾಪೆಂಟಿನ್ ಬಹಳ ಸಲ ಕೊಡುವುದು ಹೊಟ್ಟೆಯ ಕುಹರಕ್ಕೆ ಚುಚ್ಚಿ, ಕೆಜಿಗೆ 30ರಿಂದ 100 ಮಿ.ಗ್ರಾಂ. ಮಟ್ಟದಲ್ಲಿ. ಕರುಳಿನ ಕಡವು ಅಲ್ಲಿ ಅಡ್ಡವೇ ಬರುವುದಿಲ್ಲ. ಡೋಸ್ ಏರಿಸಿದಂತೆ ಪರಿಣಾಮ ಏರುವ ಚೆಂದದ ರೇಖೆ ಸಿಗುತ್ತದೆ. ಬಾಯಿಂದ ನುಂಗುವ ಮನುಷ್ಯನಲ್ಲಿ ಅದೇ ರೇಖೆ ನಿರೀಕ್ಷಿಸುವುದು ಹೇಗೆ? ನುಂಗುವ ಔಷಧವಾದರೆ ಇಲಿಗೂ ಬಾಯಿಂದ ಕೊಡಬೇಕು, ನರಗಂಟಿನಲ್ಲೂ ಬೆನ್ನುಹುರಿಯಲ್ಲೂ ಅಂಟದೆ ಉಳಿದ ಔಷಧವೆಷ್ಟು ಎಂದು ಅಳೆದು ಪ್ರಕಟಿಸಬೇಕು. ಅಷ್ಟನ್ನು ಕಡ್ಡಾಯ ಮಾಡಿದರೆ ಬಹಳಷ್ಟು ಅಣುಗಳು ಮನುಷ್ಯರವರೆಗೆ ಬರುವ ಮೊದಲೇ ಬಿದ್ದುಹೋಗುತ್ತವೆ. ಅದು ನಷ್ಟವಲ್ಲ.

ಹೊರಹೋಗುವ ದಾರಿ, ಚೀಟಿಯಲ್ಲಿರುವ ಮಾತ್ರೆ

ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್ ಎರಡನ್ನೂ ಯಕೃತ್ತು ಮುಟ್ಟುವುದಿಲ್ಲ ಎನ್ನಬಹುದು. ಬಂದ ರೂಪದಲ್ಲೇ ಮೂತ್ರದಲ್ಲಿ ಹೋಗುತ್ತವೆ. ಮೂತ್ರಪಿಂಡ ಸೋತರೆ ಔಷಧ ಮೈಯಲ್ಲೇ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯ ನರನೋವಿನವರಲ್ಲಿ ಮೂತ್ರಪಿಂಡವೂ ಕುಂದಿರುವ ಸಾಧ್ಯತೆ ಹೆಚ್ಚು. ಅಪಾಯ ಅಡಗಿರುವುದು ಮೂತ್ರಪಿಂಡದ ಕೆಲಸವನ್ನು ಅಂದಾಜಿಸಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಅಂಕಿಯಲ್ಲಿ. 68 ವರ್ಷದ, 50 ಕೆಜಿ ತೂಕದ ಮಹಿಳೆ, ಕ್ರಿಯಾಟಿನಿನ್ 1.2 ಎಂದುಕೊಳ್ಳಿ. ರಿಪೋರ್ಟ್ ನೋಡಿ ‘ಪರವಾಗಿಲ್ಲ’ ಎನ್ನುವವರೇ ಹೆಚ್ಚು. ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಹಾಕಿ: 140ರಲ್ಲಿ ವಯಸ್ಸು ಕಳೆದರೆ 72, ಅದನ್ನು ತೂಕ 50ರಿಂದ ಗುಣಿಸಿ, 72 ಗುಣಿಸು 1.2ರಿಂದ ಭಾಗಿಸಿದರೆ ಸುಮಾರು 41.7, ಮಹಿಳೆಯಾದ್ದರಿಂದ 0.85ರಿಂದ ಗುಣಿಸಿದರೆ 35. ಅಂದರೆ ಮೂತ್ರಪಿಂಡ ರಕ್ತ ಸೋಸುವ ವೇಗ ನಿಮಿಷಕ್ಕೆ 35 ಮಿ.ಲೀ. 30ರಿಂದ 60ರ ನಡುವೆ ಪ್ರೀಗ್ಯಾಬಲಿನ್ ಡೋಸ್ ಅರ್ಧಕ್ಕಿಳಿಯಬೇಕು, 15ರಿಂದ 30ರಲ್ಲಿ ಕಾಲು ಭಾಗಕ್ಕೆ. ಗ್ಯಾಬಾಪೆಂಟಿನ್ 30ರಿಂದ 59ರಲ್ಲಿ ದಿನಕ್ಕೆ 400ರಿಂದ 1,400, ಎರಡು ಹೊತ್ತಿಗೆ. ಇದನ್ನು ಲೆಕ್ಕಿಸದೆ ಪೂರ್ತಿ ಡೋಸ್ ಕೊಟ್ಟಾಗ ಕಾಣುವುದು ತೂಕಡಿಕೆ, ಕೈಕಾಲು ಅದುರು, ತಡವರಿಕೆಯ ನಡಿಗೆ, ಬಚ್ಚಲುಮನೆಯಲ್ಲಿ ಬೀಳುವುದು. ಮನೆಯವರು ವಯಸ್ಸಿನ ದೋಷವೆಂದುಕೊಳ್ಳುತ್ತಾರೆ. ಟ್ರಮಡಾಲ್‌ನಂಥ ಒಪಿಯಾಯ್ಡ್ ಜೊತೆಯಾದರೆ ಅಥವಾ ಶ್ವಾಸಕೋಶದ ಕಾಯಿಲೆಯಿದ್ದರೆ ಉಸಿರಾಟವೇ ಕುಗ್ಗಬಹುದೆಂದು ಎಫ್‌ಡಿಎ 2019ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ.

ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಹೆಚ್ಚು ಮಾರಾಟವಾಗುವುದು ಬಿಡಿ ಪ್ರೀಗ್ಯಾಬಲಿನ್‌ಗಿಂತ ಜೋಡಿ ಮಾತ್ರೆ: ಪ್ರೀಗ್ಯಾಬಲಿನ್ 75 ಮಿ.ಗ್ರಾಂ. ಜೊತೆ ಮೀಥೈಲ್‌ಕೋಬಾಲಮಿನ್ (ಬಿ-12 ವಿಟಮಿನ್‌ನ ಒಂದು ರೂಪ) 750 ಮೈಕ್ರೋಗ್ರಾಂ, ಇಲ್ಲವೇ ಖಿನ್ನತೆಯ ಔಷಧವಾದ ನಾರ್‌ಟ್ರಿಪ್ಟಿಲಿನ್ 10 ಮಿ.ಗ್ರಾಂ. ಡೋಸನ್ನು ಒಂದೊಂದೇ ಏರಿಸಿ ಇಳಿಸಬೇಕಾದ ಔಷಧಕ್ಕೆ ಈ ಜೋಡಿ ಕಟ್ಟು ತೊಡಕು. ಒಂದನ್ನು ಹೆಚ್ಚಿಸಿದರೆ ಇನ್ನೊಂದೂ ಹೆಚ್ಚುತ್ತದೆ. ಬಿ-12ರ ಪ್ರಶ್ನೆ ಮಾತ್ರ ತಳ್ಳಿಹಾಕುವಂಥದ್ದಲ್ಲ. ಅದೂ ಸಾಗಾಟದ್ದೇ ಕತೆ. ಆಹಾರದ ಬಿ-12 ಜಠರದ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನಿಗೆ ಅಂಟಿ ಸಣ್ಣಕರುಳಿನ ಕೊನೆಯ ಭಾಗದಲ್ಲಿ ಒಳಸೇರುತ್ತದೆ. ಈ ದಾರಿ ಒಂದು ಹೊತ್ತಿಗೆ 1.5ರಿಂದ 2 ಮೈಕ್ರೋಗ್ರಾಂಗೆ ತುಂಬಿಹೋಗುತ್ತದೆ. ಮಿಕ್ಕಿದ್ದರಲ್ಲಿ ಸುಮಾರು ಶೇ 1 ಮಾತ್ರ ತಾನಾಗಿ ನುಸುಳುತ್ತದೆ. 750ರ ಮಾತ್ರೆಯಿಂದ ಮೈಗೆ ಸೇರುವುದು ಹತ್ತರ ಆಸುಪಾಸು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರಲ್ಲಿ ಆ ಕೊನೆಯ ಭಾಗದ ಹೀರಿಕೆ ಕುಗ್ಗುತ್ತದೆ. ಸಸ್ಯಾಹಾರಿಯೂ ಆಗಿದ್ದರೆ ಬರುವುದೂ ಕಡಿಮೆ. ಪಾದ ಜೋಮು ಹಿಡಿದಾಗ ಎಲ್ಲವನ್ನೂ ಸಕ್ಕರೆಯ ಲೆಕ್ಕಕ್ಕೆ ಬರೆಯದೆ ಒಮ್ಮೆ ಬಿ-12 ಪರೀಕ್ಷಿಸುವುದು ಕೆಲವು ನೂರು ರೂಪಾಯಿಯ ಕೆಲಸ. ಕೊರತೆಯಿದ್ದರೆ ಅದು ನಿಜವಾದ ಮದ್ದು, ಇಲ್ಲದಿದ್ದರೆ ಜೋಡಿ ಮಾತ್ರೆಯ ಕೆಂಪು ಬಣ್ಣದಷ್ಟೇ ಉಪಯೋಗ.

ಖಿನ್ನತೆಗೆಂದು ಬಂದು ನರನೋವಿಗೂ ಕೊಡುವ ಹಳೆಯ ಅಮಿಟ್ರಿಪ್ಟಿಲಿನ್ ಈ ಪೈಪೋಟಿಯಲ್ಲಿ ಹಿಂದೆ ಬಿದ್ದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2015ರ ದೊಡ್ಡ ಮೆಟಾ ವಿಶ್ಲೇಷಣೆಯಲ್ಲಿ ಒಬ್ಬರಿಗೆ ಅರ್ಧದಷ್ಟು ಉಪಶಮನ ಸಿಗಲು ಎಷ್ಟು ಮಂದಿಗೆ ಚಿಕಿತ್ಸೆ ಕೊಡಬೇಕು ಎಂದು ಎಣಿಸಿದಾಗ ಅಮಿಟ್ರಿಪ್ಟಿಲಿನ್ ಗುಂಪಿಗೆ 3.6, ಇನ್ನೊಂದು ಖಿನ್ನತೆಯ ಔಷಧವಾದ ಡುಲೊಕ್ಸೆಟಿನ್ ಗುಂಪಿಗೆ 6.4, ಗ್ಯಾಬಾಪೆಂಟಿನ್‌ಗೆ 7.2, ಪ್ರೀಗ್ಯಾಬಲಿನ್‌ಗೆ 7.7 ಬಂತು. ಅಮಿಟ್ರಿಪ್ಟಿಲಿನ್ ಪ್ರಯೋಗಗಳು ಹಳೆಯವು, ಚಿಕ್ಕವು, ಆದ್ದರಿಂದ 3.6 ಅನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಆದರೂ ಕೊಬ್ಬಿಗೆ ಒಲಿದ ಈ ಅಣು ಸಾಗಣೆ ಪ್ರೋಟೀನಿನ ಹಂಗಿಲ್ಲದೆ ಪೊರೆ ದಾಟುತ್ತದೆ. ಅದೇ ಗುಣದಿಂದ ಹೃದಯ, ಕಣ್ಣು, ಮೂತ್ರಕೋಶಕ್ಕೂ ಹೋಗುತ್ತದೆ. ಗ್ಲಾಕೋಮಾ, ಪ್ರೋಸ್ಟೇಟ್ ತೊಂದರೆ, ಹೃದಯದ ಬಡಿತದ ದೋಷವಿದ್ದವರಿಗೆ ಸಲ್ಲದು. ಉಳಿದವರಿಗೆ ರಾತ್ರಿ 10 ಮಿ.ಗ್ರಾಂ.ನಿಂದ ಆರಂಭ. ಡುಲೊಕ್ಸೆಟಿನ್ ಕ್ಯಾಪ್ಸೂಲನ್ನು ಬಿಚ್ಚಿ ಕಾಳುಗಳನ್ನು ಅಗಿಯಬಾರದು. ಜಠರದ ಆಮ್ಲ ಅದನ್ನು ಒಡೆಯುತ್ತದೆ, ಕಾಳಿನ ಮೇಲಿನ ಲೇಪ ಇರುವುದೇ ಅದನ್ನು ಕರುಳಿನವರೆಗೆ ಉಳಿಸಲು.

ನೋವು ಅಂಗೈಯಗಲದ ಜಾಗದಲ್ಲಿದ್ದರೆ, ಸರ್ಪಸುತ್ತಿನ ನಂತರ ಹಲವರಿಗೆ ಇರುವಂತೆ, ಇಡೀ ಮೈ ಸುತ್ತಿಸುವ ಅಗತ್ಯವೇ ಇಲ್ಲ. ಶೇ 5ರ ಲಿಡೊಕೇಯ್ನ್ ಪಟ್ಟಿಯನ್ನು ಗಾಯವಿಲ್ಲದ ಚರ್ಮದ ಮೇಲೆ, ಒಮ್ಮೆಗೆ ಮೂರಕ್ಕೆ ಮೀರದಂತೆ, 12 ಗಂಟೆ ಅಂಟಿಸಿ 12 ಗಂಟೆ ತೆಗೆದಿಡಬೇಕು. ಅದರಲ್ಲಿನ ಔಷಧದ ಶೇ 3ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡ ಕುಂದಿದ ಹಿರಿಯರಿಗೆ ಮಾತ್ರೆಗಿಂತ ಮೊದಲು ಇದನ್ನು ಯೋಚಿಸಬಹುದು, ಬೆಲೆಯೊಂದೇ ಅಡ್ಡಿ. ಇನ್ನು ಈಗಾಗಲೇ ಪ್ರೀಗ್ಯಾಬಲಿನ್ ಅಥವಾ ಗ್ಯಾಬಾಪೆಂಟಿನ್ ತಿನ್ನುತ್ತಿರುವವರು ಪ್ರಯೋಜನವಿಲ್ಲವೆಂದು ಒಮ್ಮೆಲೇ ನಿಲ್ಲಿಸಿದರೆ ನಿದ್ದೆಗೇಡು, ಬೆವರು, ಕಳವಳ, ಕೆಲವೊಮ್ಮೆ ಫಿಟ್ಸ್ ಬರಬಹುದು. ವೈದ್ಯರೊಂದಿಗೆ ಮಾತಾಡಿ ಕನಿಷ್ಠ ಒಂದು ವಾರ ಹಿಡಿದು ಇಳಿಸುತ್ತಾ ಬರಬೇಕು. ಆ ಭೇಟಿಗೆ ಹೋಗುವಾಗ ಇತ್ತೀಚಿನ ಕ್ರಿಯಾಟಿನಿನ್ ವರದಿ, ತೂಕ, ಜೊತೆಗೆ ತಿನ್ನುವ ಎಲ್ಲ ಮಾತ್ರೆಗಳ ಹೆಸರು, ಗ್ಯಾಸ್ಟ್ರಿಕ್ ಸಿರಪ್ಪಿನದ್ದೂ ಸೇರಿಸಿ, ಬರೆದುಕೊಂಡು ಹೋಗಿ.